ಲೋಲಕದ ಹೆಸರು, ಕಡಿಮೆ ಕೊಟ್ಟ ಮೂರು ಅಂಕ

ಈ ಸಲದ ಬೋಧನಾಭ್ಯಾಸದ ಎರಡನೆಯ ವಾರ, ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಏಳನೆಯ ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು ಒಂದು ಪಾಠ ನೋಡಿದೆ. ವಿಷಯ ಸರಳ ಲೋಲಕ. ಪಾಠ ಮಾಡಿದವರು ನಮ್ಮ ಕಾಲೇಜಿನ ಪ್ರಶಿಕ್ಷಣಾರ್ಥಿ, ಹೆಸರು ಬೇಡ. ಪಾಠ ಮುಗಿದ ಮೇಲೆ ವೀಕ್ಷಣಾ ನಮೂನೆಯಲ್ಲಿ ನಾನು ಬರೆದದ್ದು ಇಷ್ಟು: 'ಪದದ ಅರ್ಥದ ಬಗ್ಗೆ ಅನಗತ್ಯ ಚರ್ಚೆ. ವಿಷಯಾಂತರ. 11 ನಿಮಿಷ ವ್ಯರ್ಥ.' ವಿಷಯ ನಿರೂಪಣೆಯಲ್ಲೂ ಕಾಲ ನಿರ್ವಹಣೆಯಲ್ಲೂ ಸೇರಿ ಮೂರು ಅಂಕ ಕಡಿಮೆ ಕೊಟ್ಟೆ. ಅವರು ನಮೂನೆಗೆ ಸಹಿ ಮಾಡಿ 'ಆಯ್ತು ಸರ್' ಎಂದು ಹೋದರು. ನಾನು ಮುಂದಿನ ಪಾಠಕ್ಕೆ ಹೋದೆ.

ಆ ಟಿಪ್ಪಣಿ ತಪ್ಪು ಎಂದು ಈಗ ನನಗೆ ಅನಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಪಾಠದಲ್ಲಿ ನಿಜವಾಗಿ ತಪ್ಪಿದ್ದ ಒಂದು ಸಂಗತಿ ನನ್ನ ಕಣ್ಣ ಮುಂದೆಯೇ ನಡೆದುಹೋಯಿತು. ಗಡಿಯಾರ ನೋಡುತ್ತ ಕುಳಿತಿದ್ದ ನಾನು ಅದನ್ನು ಗಮನಿಸಲೇ ಇಲ್ಲ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಪ್ರಶಿಕ್ಷಣಾರ್ಥಿಗಳಿಗಿಂತ ಹೆಚ್ಚಾಗಿ ನನ್ನಂತೆ ಹಿಂದಿನ ಬೆಂಚಿನಲ್ಲಿ ಕೂರುವ ಮಾರ್ಗದರ್ಶಕರು ಓದಲಿ ಎಂಬುದು ನನ್ನ ಆಸೆ.

ನಡೆದದ್ದು ಹೀಗೆ. ಅವರು ಕಪ್ಪುಹಲಗೆಯ ಮೇಲೆ ಶೀರ್ಷಿಕೆ ಬರೆದು, ದಾರಕ್ಕೆ ಕಟ್ಟಿದ ಕಬ್ಬಿಣದ ಗುಂಡನ್ನು ಕಿಟಕಿಯ ಸರಳಿನಿಂದ ಇಳಿಬಿಟ್ಟರು. 'ಇದಕ್ಕೆ ಲೋಲಕ ಅಂತಾರೆ' ಎನ್ನುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

'ಸರ್, ನಮ್ಮ ಆಯಿ ಕಿವ್ಯಾಗ ಲೋಲಾಕ ಅದಾವ್ರಿ. ಅದು, ಇದು ಒಂದ ಏನ್ರಿ?'

ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ನಿರೀಕ್ಷಿತ ಉತ್ತರದ ಅಂಕಣದಲ್ಲಿ ಅವರು ಬರೆದುಕೊಂಡಿದ್ದು 'ಗೋಡೆ ಗಡಿಯಾರದಲ್ಲಿ ನೋಡಿದ್ದೇವೆ' ಎಂದು. ನಮ್ಮ ಎಲ್ಲ ಪಾಠಯೋಜನೆಗಳಲ್ಲೂ ಅದೇ ಇರುತ್ತದೆ, ವರ್ಷದಿಂದ ವರ್ಷಕ್ಕೆ ನಕಲಾಗುತ್ತ ಬಂದಿದೆ. ಕೀಲಿ ಕೊಡುವ ಗಡಿಯಾರ ಈಗ ಎಷ್ಟು ಮನೆಯಲ್ಲಿದೆ? ಕೆಲವು ಮನೆಗಳಲ್ಲಿ ಪ್ಲಾಸ್ಟಿಕ್ ಲೋಲಕ ತೂಗುವ ಬ್ಯಾಟರಿ ಗಡಿಯಾರ ಇದೆ, ನಿಜ. ಆದರೆ ಅದರಲ್ಲಿ ಸಮಯ ನಡೆಸುವುದು ಒಳಗಿನ ಕ್ವಾರ್ಟ್ಸ್ ಹರಳು. ಕೆಳಗೆ ತೂಗುವುದು ಬರೀ ಅಲಂಕಾರ. ಅದನ್ನು ಕೈಯಿಂದ ಹಿಡಿದು ನಿಲ್ಲಿಸಿದರೂ ಮುಳ್ಳುಗಳು ಓಡುತ್ತಲೇ ಇರುತ್ತವೆ. ಲೋಲಕಕ್ಕೂ ಕಾಲಕ್ಕೂ ಸಂಬಂಧವಿಲ್ಲ ಎಂಬುದನ್ನೇ ಆ ಗಡಿಯಾರ ಮಗುವಿಗೆ ಕಲಿಸುತ್ತದೆ. ಹಾಗಿರುವಾಗ ನಮ್ಮ 'ಪೂರ್ವಜ್ಞಾನ' ಎಂಬ ಅಂಕಣದಲ್ಲಿ ಇರಬೇಕಾದದ್ದು ಆಯಿಯ ಕಿವಿಯೇ ಹೊರತು ಗೋಡೆಯ ಗಡಿಯಾರವಲ್ಲ.

ಪ್ರಶಿಕ್ಷಣಾರ್ಥಿ ಪುಸ್ತಕ ಮುಚ್ಚಿದರು. 'ಹೌದಲ್ಲ! ಲೋಲಾಕ ಹೆಂಗ ಇರತಾವ? ತೋರಿಸು ನೋಡೋಣ' ಎಂದರು. ಹುಡುಗಿ ಕಿವಿಯ ಕೆಳಗೆ ಬೆರಳು ಇಳಿಬಿಟ್ಟು ತಲೆ ಅಲ್ಲಾಡಿಸಿದಳು. ಬೆಂಡೋಲೆ ಅಲ್ಲಾಡುವುದಿಲ್ಲ, ಬುಗುಡಿ ಅಲ್ಲಾಡುವುದಿಲ್ಲ, ಝುಮಕಿ ಅಲ್ಲಾಡುತ್ತದೆ, ಲೋಲಾಕಂತೂ ಅಲ್ಲಾಡಲಿಕ್ಕೇ ಇರುವುದು ಎಂದು ಹುಡುಗಿಯರು ತಾವೇ ವಿಂಗಡಿಸಿದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ, 'ಸರ್, ಬಯಲಾಟದಾಗ ಸ್ತ್ರೀಲೋಲ ಅಂತಾರಲ್ರಿ, ಅದೂ ಇದ ಏನ್ರಿ?' ಎಂದ. ತರಗತಿ ನಕ್ಕಿತು. ಇಬ್ಬರು ಹುಡುಗಿಯರು ತಲೆ ತಗ್ಗಿಸಿದರು. ನಾನು ಪೆನ್ನು ತೆಗೆದದ್ದು ಆ ಕ್ಷಣದಲ್ಲಿ.

ಅವರು ಗದರಲಿಲ್ಲ. 'ಹೌದು, ಅದೇ ಲೋಲ. ಮನಸ್ಸು ಒಂದ ಕಡೆ ನಿಲ್ಲದವ. ಆ ಕಡೆ ಈ ಕಡೆ ಹೊಯ್ದಾಡಾಂವ' ಎಂದು ಹಲಗೆಯ ಮೇಲೆ 'ಲೋಲ' ಎಂದು ಬರೆದು ಅದರ ಮುಂದೆ 'ಅಲ್ಲಾಡುವುದು, ನಿಲ್ಲದ್ದು, ಆಸೆಪಡುವುದು' ಎಂದು ಮೂರು ಅರ್ಥ ಬರೆದರು. ಆಮೇಲೆ ಗುಂಡನ್ನು ಎಳೆದು ಬಿಟ್ಟು ಕೇಳಿದರು: 'ಹಂಗಾದ್ರ ಇದು ಹೆಂಗ? ಇದಕ್ಕ ನಿಯತ್ತು ಐತೋ, ಇಲ್ಲೋ?'

ತರಗತಿ ಎರಡು ಪಾಲಾಯಿತು. ಹೆಸರೇ ಲೋಲಕ ಅಂದಮೇಲೆ ನಿಯತ್ತು ಎಲ್ಲಿಂದ ಬರಬೇಕು, ಒಮ್ಮೆ ಬೇಗ ಒಮ್ಮೆ ತಡ ತೂಗುತ್ತದೆ ಎಂದು ಹೆಚ್ಚಿನವರು. ಇಲ್ಲ, ಒಂದೇ ಸಮ ಬರುತ್ತದೆ ಎಂದು ಉಳಿದವರು. ಇದಿಷ್ಟಕ್ಕೆ 11 ನಿಮಿಷ. ನನ್ನ ಲೆಕ್ಕದಲ್ಲಿ ಪೀಠಿಕೆಗೆ 5 ನಿಮಿಷ.

ಆ ಸಂಜೆ ಮನೆಗೆ ಬಂದು ನಿಘಂಟು ತೆಗೆದೆ. ಪ್ರಶಿಕ್ಷಣಾರ್ಥಿ ಹೇಳಿದ್ದು ಸರಿಯಿದೆಯೋ ಇಲ್ಲವೋ ನೋಡಿ, ತಪ್ಪಿದ್ದರೆ ವಿಮರ್ಶಾ ಸಭೆಯಲ್ಲಿ ಹೇಳಬೇಕೆಂಬುದೇ ಉದ್ದೇಶ ಎಂದು ಒಪ್ಪಿಕೊಳ್ಳುತ್ತೇನೆ. ಸರಿಯಾಗಿಯೇ ಇತ್ತು. ಸಂಸ್ಕೃತದ 'ಲುಲ್' ಎಂಬ ಧಾತು, ಅತ್ತಿತ್ತ ಚಲಿಸು ಎಂದು ಅರ್ಥ. ಅದರಿಂದ 'ಲೋಲ': ಅಲ್ಲಾಡುವ, ಹೊರಳುವ, ಜೋತಾಡುವ, ಚಂಚಲ, ಆಸೆಬುರುಕ. ಕಣ್ಣು ಹೊರಳಿಸುವವಳು ಲೋಲಾಕ್ಷಿ. ಹಾಡಿನ ಹುಚ್ಚಿನವನು ಗಾನಲೋಲ, ಅಲ್ಲಿ ಬೈಗುಳವಿಲ್ಲ. ಅದೇ ಪದ ಸ್ತ್ರೀಯ ಪಕ್ಕ ನಿಂತರೆ ಬೈಗುಳ. ಒಂದೆಡೆ ನಿಲ್ಲದ ಲಕ್ಷ್ಮಿಗೂ 'ಲೋಲಾ' ಎಂಬ ಹೆಸರಿದೆ, ಬಾಯಲ್ಲಿ ಸುಮ್ಮನಿರದ ನಾಲಗೆಗೂ ಅದೇ ಹೆಸರು. ನಾವು ಗುಡಿಯ ಗಂಟೆಯೊಳಗೆ ತೂಗುವ ತುಂಡನ್ನು ಗಂಟೆಯ ನಾಲಗೆ ಎನ್ನುತ್ತೇವಲ್ಲ, ಅದನ್ನು ಓದಿದಾಗ ನನಗೆ ನೆನಪಾಯಿತು. ಶಾಲೆಯ ಗಂಟೆಯನ್ನೇ ಪಾಠೋಪಕರಣ ಮಾಡಬಹುದಿತ್ತು.

ಹೀಗೆ ನೋಡುತ್ತ ಹೋದರೆ ನಮ್ಮ ಸುತ್ತಲಿನ ಭಾಷೆಗಳು ಈ ಒಂದೇ ವಸ್ತುವನ್ನು ಬೇರೆ ಬೇರೆ ಕಡೆಯಿಂದ ಹಿಡಿದಿವೆ. ಇಂಗ್ಲಿಷಿನ ಪೆಂಡುಲಮ್ ಬಂದದ್ದು ತೂಗುಬಿದ್ದದ್ದು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಕೊರಳ ಸರದ ಪೆಂಡೆಂಟ್ ಕೂಡ ಅದೇ ಮನೆಯದು. ಅಂದರೆ ಅಲ್ಲೂ ಆಭರಣ ಮತ್ತು ಉಪಕರಣ ಅಕ್ಕತಂಗಿಯರೇ. ಅವರು ಕೊರಳು ನೋಡಿದರು, ನಾವು ಕಿವಿ ನೋಡಿದೆವು. ಮರಾಠಿಯವರು 'ಲಂಬಕ' ಎನ್ನುತ್ತಾರೆ. ಅವರೂ ಇಳಿಬಿದ್ದಿರುವುದನ್ನು ಹಿಡಿದರು. ನಮ್ಮ ಭಾಗದ ಶಾಲೆಗಳಲ್ಲಿ ಮನೆಯಲ್ಲಿ ಮರಾಠಿ ಆಡುವ ಮಕ್ಕಳು ಇದ್ದೇ ಇರುತ್ತಾರೆ, ಅವರನ್ನು ಕೇಳಬಹುದು. ತಮಿಳರದ್ದು 'ಊಸಲ್', ಉಯ್ಯಾಲೆ. ಬಂಗಾಳಿಯವರದ್ದು 'ದೋಲಕ', ಅದೂ ತೂಗುವ ಡೋಲೆಯೇ. ತೆಲುಗಿನವರದ್ದು ನಮ್ಮದೇ ಲೋಲಕ. ಒಬ್ಬರಿಗೆ ಅದು ನೇತಾಡುವ ವಸ್ತು, ಒಬ್ಬರಿಗೆ ಜೋಕಾಲಿ, ನಮಗೆ ಚಂಚಲ.

ಆದರೆ ಯಾವ ಭಾಷೆಯ ಹೆಸರೂ ಲೋಲಕದ ಮುಖ್ಯ ಗುಣವನ್ನು ಹೇಳುವುದಿಲ್ಲ. ಅದು ಹೆಚ್ಚುಕಡಿಮೆ ಸಮಕಾಲದಲ್ಲಿ ತೂಗುತ್ತದೆ ಎಂಬ ಗುಣ ಯಾವ ಹೆಸರಿನಲ್ಲೂ ಇಲ್ಲ. ಕನ್ನಡದ ಹೆಸರಂತೂ ಅದರ ಉಲ್ಟಾ ಹೇಳುತ್ತದೆ. ಪತ್ರಿಕೆಗಳಲ್ಲಿ, ನಿರ್ಧಾರಕ್ಕೆ ಬಾರದ ರಾಜಕಾರಣಿಯನ್ನು ಲೋಲಕದಂತೆ ಅತ್ತಿತ್ತ ತೂಗುವವರು ಎಂದು ಬರೆಯುತ್ತಾರೆ. ಪಾಪ, ಅಷ್ಟು ನಿಶ್ಚಿತವಾಗಿ ನಡೆದುಕೊಳ್ಳುವ ವಸ್ತು ತರಗತಿಯಲ್ಲಿ ಇನ್ನೊಂದಿಲ್ಲ.

ನನ್ನ ಮನಸ್ಸು ಬದಲಾದದ್ದು ಇಲ್ಲಿ. ಹೆಸರು ಒಂದು ಹೇಳುತ್ತದೆ, ವಸ್ತು ಇನ್ನೊಂದು ಮಾಡುತ್ತದೆ ಎಂದಾದರೆ, ಮಗುವಿನ ತಲೆಯಲ್ಲಿ ತಾನಾಗಿಯೇ ಒಂದು ಊಹೆ ಹುಟ್ಟಿದಂತಾಯಿತು. ನಾವು ವರ್ಷವಿಡೀ 'ಊಹೆ ಕಟ್ಟಿ, ಪರೀಕ್ಷಿಸಿ' ಎಂದು ಉಪನ್ಯಾಸ ಮಾಡುತ್ತೇವೆ. ಮಕ್ಕಳಿಗೆ ಊಹೆ ಕಟ್ಟಲು ಏನೂ ಕೊಡುವುದಿಲ್ಲ. ವ್ಯಾಖ್ಯಾನ ಬರೆಸಿ, ಸೂತ್ರ ಬರೆಸಿ, ಆಮೇಲೆ ಪ್ರಯೋಗ ಮಾಡಿಸುತ್ತೇವೆ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗ. ಆ ದಿನ 'ನಿಯತ್ತು ಐತೋ ಇಲ್ಲೋ' ಎಂಬ ಪ್ರಶ್ನೆಗೆ ಕೈ ಎತ್ತಿದ ಪ್ರತಿ ಮಗುವಿಗೂ ಪ್ರಯೋಗದಲ್ಲಿ ಒಂದು ಪಾಲಿತ್ತು, ಗೆಲ್ಲಬೇಕೆಂಬ ಆಸೆಯಿತ್ತು. ಹನ್ನೊಂದು ನಿಮಿಷದ ಬೆಲೆ ಅದು.

ಇನ್ನು ನಾನು ಗಮನಿಸದೆ ಬಿಟ್ಟ ತಪ್ಪಿನ ಮಾತು. ಮಕ್ಕಳನ್ನು ಮೂರು ಗುಂಪು ಮಾಡಿ, ಒಂದು ಮೀಟರ್ ದಾರ ಕೊಟ್ಟು, 20 ಆಂದೋಲನ ಎಣಿಸಲು ಹೇಳಿದರು. ಸಮಯ ನೋಡಲು ಮೊಬೈಲು. ಸ್ವಲ್ಪವೇ ಎಳೆದು ಬಿಟ್ಟ ಎರಡು ಗುಂಪಿಗೆ 40 ಸೆಕೆಂಡು ಬಂತು. ಮೂರನೆಯ ಗುಂಪಿನ ಹುಡುಗರು, ಹುಡುಗರಲ್ಲವೇ, ಗುಂಡನ್ನು ಕೈಗೆಟುಕುವಷ್ಟು ದೂರ ಎಳೆದು ಬಿಟ್ಟಿದ್ದರು. ಅವರಿಗೆ 41ರ ಮೇಲೆ ಬಂತು. ಮತ್ತೊಮ್ಮೆ ಮಾಡಿದರು, ಮತ್ತೆ 41ರ ಮೇಲೆ. ಸ್ತ್ರೀಲೋಲ ಎಂದಿದ್ದ ಹುಡುಗ ಅದೇ ಗುಂಪಿನವನು. 'ನೋಡ್ರಿ ಸರ್, ನಿಯತ್ತಿಲ್ಲ ಇದಕ್ಕ' ಎಂದ. ಪ್ರಶಿಕ್ಷಣಾರ್ಥಿ ಗಡಿಬಿಡಿಯಲ್ಲಿದ್ದರು, 11 ನಿಮಿಷ ಹೆಚ್ಚು ಹೋಗಿದೆ ಎಂಬುದು ಅವರಿಗೂ ಗೊತ್ತಿತ್ತು, ನಾನು ಹಿಂದೆ ಕುಳಿತಿದ್ದೆ. 'ನೀವು ಎಣಿಸೋದು ತಪ್ಪಿದೆ' ಎಂದು ಹೇಳಿ ಹಲಗೆಯ ಮೇಲೆ ಮೂರಕ್ಕೂ 40 ಎಂದು ಬರೆದರು. ಹುಡುಗ ಕುಳಿತ.

ಆ ಹುಡುಗ ತಪ್ಪು ಎಣಿಸಿರಲಿಲ್ಲ. ಲೋಲಕದ ಅವಧಿ ಪಾರವನ್ನು ಅವಲಂಬಿಸುವುದಿಲ್ಲ ಎಂಬುದು ಕೋನ ಚಿಕ್ಕದಿದ್ದಾಗ ಮಾತ್ರ ನಿಜ. 5 ಡಿಗ್ರಿಗೆ ಎಳೆದರೆ ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲೂ ಇಲ್ಲ. 30 ಡಿಗ್ರಿಗೆ ಎಳೆದರೆ ಶೇಕಡ 1.7ರಷ್ಟು, 45 ಡಿಗ್ರಿಗೆ ಶೇಕಡ 4ರಷ್ಟು, 60 ಡಿಗ್ರಿಗೆ ಶೇಕಡ 7ರಷ್ಟು ಅವಧಿ ಹೆಚ್ಚುತ್ತದೆ. ತೂಗುತ್ತ ತೂಗುತ್ತ ಪಾರ ಕಡಿಮೆಯಾಗುವುದರಿಂದ 20 ಆಂದೋಲನದ ಒಟ್ಟು ಲೆಕ್ಕದಲ್ಲಿ ಅಷ್ಟೂ ಕಾಣುವುದಿಲ್ಲ. ಒಂದು ಚಿಲ್ಲರೆ ಸೆಕೆಂಡು ಹೆಚ್ಚು ಬರುವುದು ತಕ್ಕದ್ದೇ. ಅಂದರೆ ಮೂರನೆಯ ಗುಂಪು ಆ ದಿನ ತರಗತಿಯಲ್ಲಿ ಅತ್ಯಂತ ಒಳ್ಳೆಯ ಅಳತೆ ಮಾಡಿತ್ತು, ಎರಡು ಸಲ ಮಾಡಿ ಖಚಿತಪಡಿಸಿಕೊಂಡೂ ಇತ್ತು. ಅವರ ಅಳತೆಯನ್ನು ಅಳಿಸಿ ಪುಸ್ತಕದ ಉತ್ತರವನ್ನು ಬರೆಯಲಾಯಿತು. ಮೂರು ಅಂಕ ಹೋಗಬೇಕಿದ್ದರೆ ಅಲ್ಲಿ ಹೋಗಬೇಕಿತ್ತು. ನನ್ನ ನಮೂನೆಯಲ್ಲಿ ಆ ಭಾಗಕ್ಕೆ 'ಪ್ರಯೋಗ ನಿರ್ವಹಣೆ: ಉತ್ತಮ' ಎಂದಿದೆ. ನನ್ನ ಕೈಬರಹವೇ.

ಈ ವಿಷಯದಲ್ಲಿ ಆ ಹುಡುಗನ ಎದುರಿಗೆ ನಿಂತವರು ಸಣ್ಣವರೇನಲ್ಲ, ಸ್ವತಃ ಗೆಲಿಲಿಯೊ. ಪೀಸಾದ ಕೆಥೆಡ್ರಲ್‌ನಲ್ಲಿ ತೂಗುವ ದೀಪವನ್ನು ನೋಡಿ, ನಾಡಿ ಹಿಡಿದು ಎಣಿಸಿ, ದೊಡ್ಡ ತೂಗಿಗೂ ಸಣ್ಣ ತೂಗಿಗೂ ಒಂದೇ ಸಮಯ ಎಂದು ಅವನು ಕಂಡುಕೊಂಡ ಎಂಬ ಕಥೆಯನ್ನು ನಮ್ಮ ಪ್ರಶಿಕ್ಷಣಾರ್ಥಿಗಳೆಲ್ಲ ಹೇಳುತ್ತಾರೆ. ಆ ಕಥೆಯನ್ನು ಬರೆದದ್ದು ಅವನ ಶಿಷ್ಯ ವಿವಿಯಾನಿ, ಘಟನೆ 1583ರದ್ದೆಂದು. ಈಗ ಪ್ರವಾಸಿಗರಿಗೆ ಗೆಲಿಲಿಯೊನ ದೀಪ ಎಂದು ತೋರಿಸುವ ದೀಪ ಅಲ್ಲಿಗೆ ಬಂದದ್ದೇ 1587ರಲ್ಲಿ. ಕಥೆ ಇರಲಿ, 1602ರಲ್ಲಿ ಗೆಲಿಲಿಯೊ ಗ್ವಿಡೊಬಾಲ್ಡೊ ಎಂಬ ಗಣಿತಜ್ಞನಿಗೆ ಬರೆದ ಪತ್ರದಲ್ಲಿ ಈ ಸಮಕಾಲದ ವಾದ ಇದೆ. ದೊಡ್ಡ ತೂಗಿಗೂ ಅದು ನಿಜ ಎಂದೇ ಅವನು ನಂಬಿದ್ದ. 1656ರಲ್ಲಿ ಲೋಲಕದ ಗಡಿಯಾರ ಮಾಡಿಸಿದ ಹೈಗನ್ಸ್‌ಗೆ ಆ ನಂಬಿಕೆ ಸಾಲಲಿಲ್ಲ, ಏಕೆಂದರೆ ಅವನ ಗಡಿಯಾರ ನಿಜವಾಗಿ ಸಮಯ ತೋರಿಸಬೇಕಿತ್ತು. ವೃತ್ತದ ಕಂಸದಲ್ಲಿ ತೂಗಿದರೆ ಸಮಕಾಲ ಪೂರ್ತಿ ಸಿಗುವುದಿಲ್ಲ, ಸೈಕ್ಲಾಯ್ಡ್ ಎಂಬ ಬೇರೊಂದು ವಕ್ರರೇಖೆಯಲ್ಲಿ ತೂಗಿದರೆ ಸಿಗುತ್ತದೆ ಎಂದು ಅವನು ಸಾಧಿಸಿ 1673ರ ಪುಸ್ತಕದಲ್ಲಿ ಪ್ರಕಟಿಸಿದ. ನಮ್ಮ ಹುಡುಗ ಹೇಳಿದ ಆಕ್ಷೇಪಕ್ಕೆ ಹೈಗನ್ಸ್ ಕೊಟ್ಟ ಉತ್ತರ ಅದು.

ಲೋಲಕದ ಚಂಚಲತೆ ಅಷ್ಟಕ್ಕೇ ಮುಗಿಯುವುದಿಲ್ಲ. ಅದು ಊರಿನಿಂದ ಊರಿಗೂ ಬದಲಾಗುತ್ತದೆ. 1672ರಲ್ಲಿ ಫ್ರಾನ್ಸಿನ ರಿಶೆ ಎಂಬ ಖಗೋಳಜ್ಞ ಪ್ಯಾರಿಸಿನ ಗಡಿಯಾರವನ್ನು ಭೂಮಧ್ಯರೇಖೆಯ ಹತ್ತಿರದ ಕಾಯೆನ್‌ಗೆ ಒಯ್ದಾಗ ಅದು ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಲೋಲಕವನ್ನು ತುಸು ಗಿಡ್ಡ ಮಾಡಬೇಕಾಯಿತು. ಭೂಮಿ ನಡುವಿನಲ್ಲಿ ಉಬ್ಬಿದೆ ಎಂಬ ವಾದಕ್ಕೆ ಅದು ಆಧಾರವಾಯಿತು. ನಮ್ಮ ನೆಲದಲ್ಲೂ ಇದು ನಡೆದಿದೆ. ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಬಸೇವಿ ಎಂಬ ಅಧಿಕಾರಿ 1865ರಿಂದ ಭಾರತದ ಉದ್ದಕ್ಕೂ ಲೋಲಕಗಳನ್ನು ಹೊತ್ತು ತಿರುಗಿ ಗುರುತ್ವ ಅಳೆದ. ಬೆಂಗಳೂರೂ ಅವನ ಅಳತೆಯ ಠಾಣ್ಯಗಳಲ್ಲಿ ಒಂದು. 1871ರಲ್ಲಿ ಲಡಾಖಿನ ಎತ್ತರದಲ್ಲಿ ಇದೇ ಕೆಲಸ ಮಾಡುತ್ತ ತೀರಿಕೊಂಡ.

ಬಸೇವಿಯನ್ನು ನೆನೆದಾಗ ನಮ್ಮ ಪ್ರಾಯೋಗಿಕ ದಾಖಲೆ ಪುಸ್ತಕಗಳ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಸೆಕೆಂಡು ಲೋಲಕದ ಉದ್ದ 99.4 ಸೆಂಟಿಮೀಟರ್ ಎಂದು ಎಲ್ಲರೂ ಬರೆಯುತ್ತಾರೆ. ಅದು ಗುರುತ್ವ 9.81 ಇರುವ ಯುರೋಪಿನ ಕಡೆಯ ಲೆಕ್ಕ. ನಮ್ಮ ಕರ್ನಾಟಕದಲ್ಲಿ ಗುರುತ್ವ 9.78ರ ಆಸುಪಾಸು, ಉದ್ದ 99.1 ಬರಬೇಕು. ಮೂರು ಮಿಲಿಮೀಟರ್ ವ್ಯತ್ಯಾಸ. ಶಾಲೆಯ ದಾರ ಮತ್ತು ಅಳತೆಪಟ್ಟಿಯಲ್ಲಿ ಅದು ಸಿಗುವುದು ಕಷ್ಟ, ಒಪ್ಪುತ್ತೇನೆ. ಒಬ್ಬರಿಗೆ 98.5, ಒಬ್ಬರಿಗೆ 99.8 ಬರಲಿ, ಅದು ಸಹಜ. ಆದರೆ ನಲವತ್ತು ದಾಖಲೆ ಪುಸ್ತಕಗಳಲ್ಲಿ ನಲವತ್ತಕ್ಕೂ 99.4 ಬಂದರೆ ನಾನು ಏನು ತಿಳಿಯಬೇಕು? ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಓದಿಕೆಗಳನ್ನು ಬರೆಯುವ ಅಭ್ಯಾಸ ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದನ್ನು ಯಾರೂ ತಪ್ಪು ಎಂದು ಎಣಿಸುವುದಿಲ್ಲ. ಅಂಥ ಪುಸ್ತಕಕ್ಕೆ ನಾನೂ ವರ್ಷಗಟ್ಟಲೆ ಕೆಂಪು ಶಾಯಿಯಲ್ಲಿ ಸರಿ ಹಾಕಿದ್ದೇನೆ. ಹಾಗೆ ತಯಾರಾದವರು ತರಗತಿಗೆ ಹೋಗಿ ಮಗುವಿನ 41ನ್ನು ಅಳಿಸಿ 40 ಬರೆದರೆ ಅವರನ್ನು ದೂರುವಂತಿಲ್ಲ.

ಹೆಸರಿನ ವಿಷಯಕ್ಕೆ ಮರಳುತ್ತೇನೆ. ಈ ಪಾಠದಲ್ಲಿ ಎಡವುವಂತೆ ಮಾಡುವ ಪದ ಲೋಲಕ ಒಂದೇ ಅಲ್ಲ. 'ಸೆಕೆಂಡು ಲೋಲಕ' ಎಂದರೆ ಅವಧಿ ಒಂದು ಸೆಕೆಂಡು ಎಂದು ಪ್ರತಿ ವರ್ಷ ಅರ್ಧ ತರಗತಿ ಬರೆಯುತ್ತದೆ. ಅದರ ಅವಧಿ ಎರಡು ಸೆಕೆಂಡು. ಹೋಗಲು ಒಂದು, ಬರಲು ಒಂದು. 'ಆಂದೋಲನ' ಎಂದರೆ ಮಕ್ಕಳಿಗೆ ಗೊತ್ತಿರುವುದು ಬಾವುಟ, ಘೋಷಣೆ, ಮೆರವಣಿಗೆ. ಮೂಲದಲ್ಲಿ ಆಂದೋಲನ ಎಂದರೆ ತೂಗಾಟವೇ. ಡೋಲೋತ್ಸವದ ಡೋಲೆ, ಮನಸ್ಸು ಡೋಲಾಯಮಾನ ಎನ್ನುವಾಗಿನ ಡೋಲೆ ಅದರ ಹತ್ತಿರದ ನೆಂಟರು. 'ಗುಂಡು' ಎಂದಾಗ ದೊಡ್ಡ ತರಗತಿಯ ಹುಡುಗರು ಮುಸಿಮುಸಿ ನಗುವುದೇಕೆ ಎಂದು ಹೊಸ ಪ್ರಶಿಕ್ಷಣಾರ್ಥಿನಿಯರು ಕೇಳುತ್ತಾರೆ. ಉತ್ತರ ಹೇಳುವ ಹೊಣೆ ನನ್ನದಲ್ಲ. ಗೋಡೆ ನೆಟ್ಟಗಿದೆಯೇ ಎಂದು ಗಾರೆಯವರು ಇಳಿಬಿಡುವ ಗುಂಡನ್ನು ನೆನಪಿಸಿದರೆ ನಗು ನಿಲ್ಲುತ್ತದೆ, ಪಾಠವೂ ಮುಂದೆ ಹೋಗುತ್ತದೆ.

'ಸರಳ' ಎಂಬ ಪದ ಇನ್ನೂ ಕಷ್ಟದ್ದು. ಸರಳ ಎಂದರೆ ಸುಲಭ ಎಂದೇ ಮಕ್ಕಳು ತಿಳಿಯುತ್ತಾರೆ, ಸರಳಾ ಎಂಬ ಹುಡುಗಿ ತರಗತಿಯಲ್ಲಿದ್ದರೆ ಎಲ್ಲರೂ ಅವಳ ಕಡೆ ತಿರುಗುತ್ತಾರೆ. ಒಬ್ಬ ಹುಡುಗ ಹಿಂದೊಮ್ಮೆ ನನಗೆ ಕಿಟಕಿಯ ಸರಳಿಗೆ ಕಟ್ಟಿದ್ದರಿಂದ ಸರಳ ಲೋಲಕ ಎಂದು ಉತ್ತರಿಸಿದ್ದ. ತರ್ಕದಲ್ಲಿ ದೋಷವಿಲ್ಲ, ಮಾಹಿತಿಯಲ್ಲಿದೆ. ಇಲ್ಲಿ ಸರಳ ಎಂದರೆ ದಾರಕ್ಕೆ ತೂಕವಿಲ್ಲ, ಗುಂಡಿಗೆ ಗಾತ್ರವಿಲ್ಲ, ಗಾಳಿಯ ತಡೆಯಿಲ್ಲ ಎಂದು ಊಹಿಸಿಕೊಂಡ ಲೋಲಕ. ಅಂಥದ್ದು ಜಗತ್ತಿನಲ್ಲಿ ಎಲ್ಲೂ ಇಲ್ಲ. ಕಿಟಕಿಗೆ ಕಟ್ಟಿದ್ದು ಸರಳ ಲೋಲಕವಲ್ಲ, ಅದಕ್ಕೆ ಹತ್ತಿರದ್ದು ಎಂದು ಒಮ್ಮೆ ಹೇಳಿಬಿಟ್ಟರೆ 40 ಮತ್ತು 41ರ ಜಗಳವನ್ನು ಅಳಿಸುವ ಅಗತ್ಯವೇ ಬೀಳುವುದಿಲ್ಲ.

ನನಗೆ ಪ್ರಿಯವಾದ ಪದ 'ಪಾರ'. ಪಾರ ಎಂದರೆ ಹೊಳೆಯ ಆಚೆಯ ದಡ. ದಡ ಕಾಣದ್ದು ಅಪಾರ, ದಡ ಮುಟ್ಟಿದವನು ಪಾರಂಗತ, ಆಪತ್ತಿನಿಂದ ದಡ ಸೇರಿದರೆ ಪಾರಾದ. ಗುಂಡು ನಡುವಿನಿಂದ ಹೊರಟು ಮುಟ್ಟುವ ಕೊನೆಯ ದಡ ಅದರ ಪಾರ. ಎಷ್ಟು ಚೆಲುವಾದ ಪದ! ಆದರೆ ಎಚ್ಚರಿಕೆ: ಈ ದಡದಿಂದ ಆ ದಡಕ್ಕೆ ಇರುವ ದೂರವೇ ಪಾರ ಎಂದು ಮಗು ತಿಳಿಯಬಹುದು, ಬಹಳ ಮಕ್ಕಳು ಹಾಗೆಯೇ ಅಳೆಯುತ್ತಾರೆ. ನಾವು ನಿಂತಿರುವುದು ಹೊಳೆಯ ನಡುವೆ ಎಂದು ಹೇಳಬೇಕು.

ನನ್ನ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ಕೇಳಿ, 'ಇದು ಕನ್ನಡ ಮೇಷ್ಟ್ರ ಕೆಲಸ, ನಮ್ಮದಲ್ಲ. ಪೆಂಡುಲಮ್ ಅಂತ ಹೇಳಿ ಮುಗಿಸಿ, ಮುಂದೆ ಪಿಯುಸಿಗೂ ಅನುಕೂಲ' ಎಂದರು. ಅವರ ಮಾತಿನ ಕೊನೆಯ ಭಾಗವನ್ನು ನಾನು ತಳ್ಳಿಹಾಕುವುದಿಲ್ಲ. ಪೆಂಡುಲಮ್ ಎಂಬ ಪದವನ್ನೂ ಮಕ್ಕಳು ಕೇಳಿರಬೇಕು, ಹಲಗೆಯ ಮೇಲೆ ಅದನ್ನೂ ಬರೆಯಲಿ. ಮೊದಲ ಭಾಗವನ್ನು ಒಪ್ಪಲಾರೆ. ಕನ್ನಡ ಮೇಷ್ಟ್ರು ಲೋಲಕ್ಕೆ ಹತ್ತು ಅರ್ಥ ಹೇಳಬಲ್ಲರು. ಅದರಲ್ಲಿ ಯಾವ ಅರ್ಥ ಗುಂಡಿಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಗುಂಡನ್ನು ತೂಗಿ ತೋರಿಸಬೇಕಾದವರು ನಾವು. ಪೆಂಡುಲಮ್ ಎಂದು ಮಾತ್ರ ಹೇಳಿದ್ದರೆ ಆ ಹುಡುಗಿ ಎದ್ದು ನಿಲ್ಲುತ್ತಿರಲಿಲ್ಲ. ಆ ಪದದ ಮೇಲೆ ಅವಳಿಗೆ ಹಕ್ಕಿಲ್ಲ.

ಹಾಗೆಂದು ಪ್ರತಿ ಪದದ ಬೇರು ಕೆದಕುತ್ತ ಕೂರಬೇಕೆಂದು ನಾನು ಹೇಳುತ್ತಿಲ್ಲ. ಕೆಲವು ಪ್ರಶಿಕ್ಷಣಾರ್ಥಿಗಳು ಇದನ್ನು ಓದಿ ಮುಂದಿನ ವಾರ ವೇಗಕ್ಕೂ ಬಲಕ್ಕೂ ಧಾತು ಹುಡುಕಿಕೊಂಡು ಬರುತ್ತಾರೆಂಬ ಭಯ ನನಗಿದೆ. ಪದ ಮಗುವಿನ ಮನೆಯಲ್ಲಿ ಬೇರೊಂದು ಅರ್ಥದಲ್ಲಿ ಬದುಕಿದ್ದರೆ, ಆ ಅರ್ಥ ಪಾಠದ ವಸ್ತುವಿಗೆ ಒಂದೋ ಕೈಹಿಡಿಯುತ್ತಿದ್ದರೆ ಇಲ್ಲವೇ ಅಡ್ಡ ಬರುತ್ತಿದ್ದರೆ, ಆಗ ನಿಲ್ಲಬೇಕು. ಇಲ್ಲದಿದ್ದರೆ ಮುಂದೆ ಹೋಗಬೇಕು. ನಿಘಂಟಿನಲ್ಲಿ ನೋಡದೆ ಕೇಳಿದ ಮಟ್ಟಿಗೆ ವ್ಯುತ್ಪತ್ತಿ ಹೇಳುವುದಂತೂ ಕೂಡದು. ತಪ್ಪು ಕಥೆ ಸರಿ ಸೂತ್ರಕ್ಕಿಂತ ಹೆಚ್ಚು ದಿನ ನೆನಪಿರುತ್ತದೆ. ಸ್ತ್ರೀಲೋಲ ಬಂದಾಗ ಏನು ಮಾಡಬೇಕು ಎಂದು ಒಬ್ಬ ಪ್ರಶಿಕ್ಷಣಾರ್ಥಿನಿ ಕೇಳಿದರು. ಆ ದಿನ ಅವರು ಮಾಡಿದಂತೆ, ಅರ್ಥವನ್ನು ನೇರವಾಗಿ ಒಂದು ವಾಕ್ಯದಲ್ಲಿ ಹೇಳಿ ಗುಂಡಿನ ಕಡೆ ತಿರುಗಬೇಕು. ಗದರಿದರೆ ಆ ಪದ ಇಡೀ ಪಾಠವನ್ನು ನುಂಗುತ್ತದೆ.

ಮಾಡಬಹುದಾಗಿದ್ದು ಇನ್ನೂ ಒಂದಿತ್ತು. ನಮ್ಮ ಕಡೆ ನಾಗರ ಪಂಚಮಿಗೆ ಜೋಕಾಲಿ ಕಟ್ಟದ ಊರು ಕಡಿಮೆ. ಒಂದೇ ಜೋಕಾಲಿಯಲ್ಲಿ ದಪ್ಪ ಮಾವ ಕೂತಾಗಲೂ ಸಣ್ಣ ತಂಗಿ ಕೂತಾಗಲೂ ಒಮ್ಮೆ ಹೋಗಿ ಬರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ; ಗುಂಡಿನ ತೂಕಕ್ಕೆ ಅವಧಿ ಬದಲಾಗದು ಎಂಬ ಮಾತು ಅಲ್ಲಿದೆ. ಎದ್ದು ನಿಂತು ತೂಗಿಕೊಂಡರೆ ತುಸು ಬೇಗ ತೂಗುತ್ತದೆ, ಏಕೆಂದರೆ ದೇಹದ ಭಾರದ ನಡು ಮೇಲೇರಿ ಲೋಲಕ ಗಿಡ್ಡವಾದಂತಾಯಿತು. ಜೀಕುವುದೆಂದರೆ ಪಾರ ಹೆಚ್ಚಿಸುವುದು. ಜೀಕಿ ಜೀಕಿ ಕೊಂಬೆಯ ಎತ್ತರಕ್ಕೆ ಏರಿದವರು ಆ ತುದಿಯಲ್ಲಿ ಒಂದು ಕ್ಷಣ ನಿಂತಂತೆ ಅನಿಸುವುದನ್ನು ಬಲ್ಲರು. ದೊಡ್ಡ ತೂಗಿಗೆ ಹೆಚ್ಚು ಹೊತ್ತು ಎಂದು ಆ ಹುಡುಗ ಹಠ ಹಿಡಿದದ್ದು ಬರೀ ಹೆಸರಿನಿಂದಲ್ಲ, ಇದರಿಂದಲೂ ಇದ್ದೀತು. ನಾವು ಯಾರೂ ಅವನನ್ನು ಕೇಳಲಿಲ್ಲ.

ಅಂತರಿಕ ಅಂಕಗಳ ಪಟ್ಟಿ ಹೋಗಿಯಾಗಿದೆ. ತಿದ್ದುಪಡಿಗೆ ಅರ್ಜಿ ಕೊಡಬಹುದೇ ಎಂದು ಪ್ರಾಂಶುಪಾಲರನ್ನು ಕೇಳಿದೆ. ಮೂರು ಅಂಕಕ್ಕೆ ಇಷ್ಟು ತಲೆಬಿಸಿ ಏಕೆ ಎಂದರು, ಆದರೂ ಅರ್ಜಿ ಇಟ್ಟುಕೊಂಡಿದ್ದಾರೆ. ವೀಕ್ಷಣಾ ನಮೂನೆಯಲ್ಲಿ 'ಮಕ್ಕಳ ಓದಿಕೆಗಳನ್ನು ಇದ್ದಂತೆಯೇ ಹಲಗೆಯ ಮೇಲೆ ಬರೆದರೇ?' ಎಂಬ ಒಂದು ಸಾಲು ಸೇರಿಸಬೇಕೆಂದು ವಿಭಾಗದ ಸಭೆಗೆ ಬರೆದು ಕೊಟ್ಟಿದ್ದೇನೆ. 'ಅನಿರೀಕ್ಷಿತ ಪ್ರಶ್ನೆಗೆ ಸ್ಪಂದನೆ' ಎಂಬ ಅಂಶ ಮೊದಲಿನಿಂದಲೂ ಇದೆ. ಅದಕ್ಕೆ ನಾನು ಆ ದಿನ ಅಂಕವನ್ನೇ ಹಾಕಿರಲಿಲ್ಲ ಎಂಬುದನ್ನು ನಮೂನೆಯ ಪ್ರತಿ ತೆಗೆದು ನೋಡಿದಾಗ ಕಂಡೆ.

ಪ್ರಶಿಕ್ಷಣಾರ್ಥಿಯನ್ನು ಕರೆದು ಇದಿಷ್ಟನ್ನೂ ಹೇಳಿದೆ. 41ರ ವಿಷಯ ಹೇಳಿದಾಗ ಅವರ ಮುಖ ಸಣ್ಣದಾಯಿತು. 'ಆ ಹುಡುಗ ಎರಡನೇ ಸಲನೂ ಮಾಡಿದ್ನಲ್ಲ ಸರ್' ಎಂದರು. ಅದೇ ಶಾಲೆಯಲ್ಲಿ ಅವರಿಗೆ ಇನ್ನು ಎರಡು ಪಾಠಗಳಿವೆ. ಗುರುವಾರ ಮೊದಲ ಅವಧಿಯಲ್ಲಿ ಹತ್ತು ನಿಮಿಷ ಬಿಡಿಸಿಕೊಂಡು, ಮೂರನೆಯ ಗುಂಪಿಗೆ ಅದೇ ದಾರ, ಅದೇ ಗುಂಡು ಮತ್ತು ಒಂದು ಕೋನಮಾಪಕ ಕೊಟ್ಟು ಮತ್ತೆ ಎಣಿಸಲು ಹೇಳುತ್ತಾರೆ. ನಾನೂ ಹೋಗುತ್ತೇನೆ. ಈ ಸಲ ನಮೂನೆ ಒಯ್ಯುವುದಿಲ್ಲ.